ಹಳೇ ಕಿಟಕಿಯ ಗಾಜು ಒಡೆದರೆ ಹೊಣೆ ಯಾರದು? ಒರೆಸುವ ಮೊದಲು ಮಾಡಿಕೊಳ್ಳಬೇಕಾದ ಕೆಲಸಗಳು

"ಬಸವನಗುಡಿಯಲ್ಲಿ ಒಂದು ಹಳೇ ಮನೆ ಕ್ಲೀನಿಂಗ್ ಒಪ್ಪಿಕೊಂಡಿದ್ದೀನಿ. ಬಣ್ಣದ ಗಾಜಿನ ಕಿಟಕಿಗಳಿವೆ. ಒಂದು ಒಡೆದುಹೋದ್ರೆ ನಾನೇ ಕೊಡ್ಬೇಕಾ?"

ಮೂರ್ನಾಲ್ಕು ಜನರ ತಂಡ ಕಟ್ಟಿಕೊಂಡು ಮನೆ ಶುಚಿಮಾಡುವ ಕೆಲಸ ಹಿಡಿದವರು ನನ್ನನ್ನು ಮತ್ತೆ ಮತ್ತೆ ಕೇಳುವುದು ಇದನ್ನೇ. ಮಲ್ಲೇಶ್ವರ, ಫ್ರೇಜರ್ ಟೌನ್, ಮೈಸೂರಿನ ಹಳೇ ಬಡಾವಣೆಗಳು, ಮಂಗಳೂರಿನ ಹೆಂಚಿನ ಮನೆಗಳು, ಊರು ಬೇರೆಯಾದರೂ ಪ್ರಶ್ನೆ ಒಂದೇ. ಒಡೆದ ಮೇಲೆ ಕೇಳಿದರೆ ಉತ್ತರ ಹೆಚ್ಚಿನ ಸಲ "ಹೌದು, ನೀವೇ ಕೊಡಬೇಕು" ಎಂದೇ ಆಗುತ್ತದೆ. ಅದು ಮೊದಲೇ ಬಿರುಕು ಬಿಟ್ಟಿತ್ತು ಎಂದು ತೋರಿಸಲು ಆಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಬಕೆಟ್ಟಿಗೆ ನೀರು ತುಂಬುವ ಮೊದಲು ಮನೆಯವರ ಜೊತೆ ಕಳೆಯುವ ಅರ್ಧ ಗಂಟೆಯಲ್ಲಿ ಹೊಣೆಯ ಲೆಕ್ಕ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಆ ಅರ್ಧ ಗಂಟೆಯನ್ನು ಹೇಗೆ ಬಳಸಬೇಕೆಂದು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಕಾನೂನಿನ ವಿಚಾರ ಬಂದ ಕಡೆ ನಮ್ಮಂಥವರಿಗೆ ತಿಳಿದಿರಬೇಕಾದಷ್ಟನ್ನೇ ಹೇಳಿದ್ದೇನೆ. ದೊಡ್ಡ ಮೊತ್ತದ ಜಗಳವಾದರೆ ವಕೀಲರನ್ನು ಕಾಣಲೇಬೇಕು.

ಜೊತೆಗಿರಬೇಕಾದ ಸಾಮಾನು

ಒಳ್ಳೆಯ ಟಾರ್ಚು, ಅಳತೆ ಪಟ್ಟಿ, ಕಾಗದದ ಅಂಟುಟೇಪು (ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪು), ಕ್ಯಾಮೆರಾ ಚೆನ್ನಾಗಿರುವ ಫೋನು, ಎರಡು ಪ್ರತಿ ಬರುವ ಕಾರ್ಬನ್ ಪುಸ್ತಕ, ಮೆತ್ತನೆ ಬ್ರಷ್ಷು, ಹತ್ತಿ, ಬಿಳಿ ಹತ್ತಿಬಟ್ಟೆ, ಡಿಸ್ಟಿಲ್ಡ್ ನೀರಿನ ಒಂದು ಕ್ಯಾನು. ಬ್ಲೇಡನ್ನು ವ್ಯಾನಿನಲ್ಲೇ ಬಿಟ್ಟು ಬನ್ನಿ. ಕೈಗೆ ಸಿಕ್ಕರೆ ಯಾರಾದರೂ ಬಳಸಿಬಿಡುತ್ತಾರೆ.

1. ಕರೆದವರು ಯಾರು, ಕಿಟಕಿ ಯಾರದು?

ಫೋನು ಮಾಡಿದವರೇ ಮಾಲೀಕರು ಎಂದುಕೊಳ್ಳಬೇಡಿ. ಹಳೇ ಮನೆಗಳಲ್ಲಿ ಬಾಡಿಗೆಗೆ ಇರುವವರಿರುತ್ತಾರೆ, ಕಚೇರಿಯೋ ಕೆಫೆಯೋ ನಡೆಸುವವರಿರುತ್ತಾರೆ, ನಾಲ್ಕು ಜನ ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿ ಉಳಿದ ಆಸ್ತಿಯೂ ಇರುತ್ತದೆ. "ಒಡೆದರೂ ಪರವಾಗಿಲ್ಲ, ಮಾಡಿ" ಎಂದು ಬಾಡಿಗೆದಾರರು ಹೇಳಿದರೆ ಆ ಮಾತು ಮಾಲೀಕರಿಗೆ ಅಂಟುವುದಿಲ್ಲ. ಮಾಲೀಕರು ವಿದೇಶದಲ್ಲಿದ್ದರೂ ಅವರಿಂದ ಒಂದು ಇಮೇಲೋ ವಾಟ್ಸಾಪ್ ಸಂದೇಶವೋ ಬರಲಿ. ಎಲೆಕ್ಟ್ರಾನಿಕ್ ರೂಪದಲ್ಲಿ ಆದ ಒಪ್ಪಂದವನ್ನು ಆ ಕಾರಣಕ್ಕೇ ತಳ್ಳಿಹಾಕುವಂತಿಲ್ಲ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಹೇಳುತ್ತದೆ.

ಕಟ್ಟಡ ಸಂರಕ್ಷಿತ ಸ್ಮಾರಕವೋ ಎಂದೂ ಕೇಳಿ. ಕೇಂದ್ರದ 1958ರ ಕಾಯ್ದೆ ಅಥವಾ ಕರ್ನಾಟಕದ 1961ರ ಕಾಯ್ದೆಯಡಿ ಬರುವ ಸ್ಮಾರಕವಾದರೆ ಇಲಾಖೆಯ ಅನುಮತಿಯಿಲ್ಲದೆ ಮುಟ್ಟಲೇಬಾರದು.

2. ಕಣ್ಣಿನಿಂದ ಒರೆಸಿ, ಕೈ ಆಮೇಲೆ

ಈ ಹಂತದಲ್ಲಿ ಆತುರ ಬೇಡ. ಒಂದೊಂದು ಕಿಟಕಿಗೂ ಅಂಟುಟೇಪಿನ ಚೂರಿನಲ್ಲಿ ನಂಬರು ಹಚ್ಚಿ. ಟೇಪು ಗೋಡೆಯ ಮೇಲಿರಲಿ. ಗಾಜಿಗಾಗಲಿ ಹಳೇ ಬಣ್ಣಕ್ಕಾಗಲಿ ಅಂಟಿಸಬೇಡಿ, ಕೀಳುವಾಗ ಪದರವೇ ಎದ್ದುಬರುತ್ತದೆ.

ಗಾಜು ಹಳೆಯದೋ ಎಂದು ತಿಳಿಯಲು ಓರೆಯಾಗಿ ನಿಂತು ಅದರಲ್ಲಿ ಎದುರುಮನೆಯ ಪ್ರತಿಬಿಂಬ ನೋಡಿ. ನೇರ ಗೆರೆಗಳು ನೀರಿನಲ್ಲಿ ಕಂಡಂತೆ ಅಲುಗಿದರೆ, ಒಳಗೆ ಸಣ್ಣ ಗುಳ್ಳೆಗಳಿದ್ದರೆ, ಅದು ಹಳೇ ವಿಧಾನದ ಗಾಜು. ಕರಗಿದ ತವರದ ಮೇಲೆ ಗಾಜು ಹರಿಸಿ ಕನ್ನಡಿಯಷ್ಟು ಸಮತಟ್ಟು ಮಾಡುವ ಫ್ಲೋಟ್ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಜಗತ್ತಿಗೆ ತಿಳಿಸಿದ್ದು 1959ರಲ್ಲಿ. ಇವತ್ತು ಅಂಗಡಿಯಲ್ಲಿ ಕತ್ತರಿಸಿ ಕೊಡುವ ಸಾದಾ ಗಾಜೆಲ್ಲ ಆ ವಿಧಾನದ್ದೇ. ಜಗಳ ದೊಡ್ಡದಾಗುವುದೂ ಇದರಿಂದಲೇ. ಒಂದು ಚೌಕ ಒಡೆದರೆ ಹೊಸದನ್ನು ಹಾಕಬಹುದು, ಆದರೆ ಪಕ್ಕದ ಏಳು ಚೌಕಗಳ ನಡುವೆ ಅದು ಎದ್ದು ಕಾಣುತ್ತದೆ. ಮನೆಯವರ ಮನಸ್ಸಿನಲ್ಲಿರುವ ಬೆಲೆಗೂ ಗಾಜಿನಂಗಡಿಯ ಬಿಲ್ಲಿಗೂ ಸಂಬಂಧವೇ ಇರುವುದಿಲ್ಲ.

ಇನ್ನು ಬಿರುಕು. ಗಾಜಿನ ಬಿರುಕು ಹೆಚ್ಚಾಗಿ ಮೂಲೆಯಲ್ಲಿ, ಪುಟ್ಟಿಯ ಅಡಿಯಿಂದ ಶುರುವಾಗುತ್ತದೆ. ಹಳೇ ಕಿಟಕಿಯ ಪುಟ್ಟಿ ಎಂದರೆ ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ನಾದಿದ ಮೇಣದಂಥ ಪದಾರ್ಥ. ವರ್ಷಗಳು ಕಳೆದಂತೆ ಎಣ್ಣೆ ಒಣಗಿ ಕಲ್ಲಾಗುತ್ತದೆ. ಆಗ ಚೌಕಟ್ಟು ಒಂದು ಎಳೆ ಸೊಟ್ಟಗಾದರೂ ಗಾಜಿಗೆ ಕೊಸರಿಕೊಳ್ಳಲು ಜಾಗವಿಲ್ಲದೆ ಕೂದಲೆಳೆಯಷ್ಟು ಸೀಳು ಹುಟ್ಟುತ್ತದೆ. ಮೇಲೆ ಧೂಳು ಮೆತ್ತಿದ್ದರೆ ಆ ಸೀಳು ಕಾಣುವುದೇ ಇಲ್ಲ. ಟಾರ್ಚನ್ನು ಗಾಜಿಗೆ ತಾಗುವಂತೆ ಮಲಗಿಸಿ ಹಿಡಿದು ನಾಲ್ಕೂ ಮೂಲೆಗೆ ಬೆಳಕು ಹಾಯಿಸಿದರೆ ಸೀಳು ಬೆಳ್ಳಿದಾರದ ಹಾಗೆ ಮಿಂಚುತ್ತದೆ. ಆಮೇಲೆ ಬೆರಳಿನ ಗೆಣ್ಣಿನಿಂದ ಗಾಜಿನ ನಡುವೆ ಮೆಲ್ಲಗೆ ಒಮ್ಮೆ ತಟ್ಟಿ. ಗಟ್ಟಿಯಾಗಿ ಕೂತ ಗಾಜು "ಟಕ್" ಎನ್ನುತ್ತದೆ. "ಗಡ್ ಗಡ್" ಎಂದರೆ ಪುಟ್ಟಿ ಸಡಿಲ. ಸಡಿಲವಾದ ಗಾಜಿಗೆ ವೈಪರ್ ಒತ್ತಿದರೆ ಕೈಗೇ ಬರಬಹುದು. ಅಂಥವನ್ನು ಪಟ್ಟಿಯಲ್ಲಿ ಗುರುತುಹಾಕಿ, ಮೊದಲು ಆಚಾರಿಯನ್ನು ಕರೆಸಿ ಪುಟ್ಟಿ ಸರಿಮಾಡಿಸಿಕೊಳ್ಳುವಂತೆ ಮನೆಯವರಿಗೆ ಹೇಳಿ.

ಬಣ್ಣದ ಗಾಜಿನಲ್ಲಿ ಮೂರು ಬಗೆ. ಬಣ್ಣ ಗಾಜಿನ ಒಡಲಲ್ಲೇ ಇರುವುದು ಒಂದು, ಗಾಜಿನ ಮೇಲೆ ಚಿತ್ರ ಬರೆದು ಕುಲುಮೆಯಲ್ಲಿ ಸುಟ್ಟದ್ದು ಇನ್ನೊಂದು, ಸುಡದೆ ಸುಮ್ಮನೆ ಪೇಂಟಿನಲ್ಲಿ ಬರೆದದ್ದು ಮೂರನೆಯದು. ಮೂರನೆಯದು ಒದ್ದೆಬಟ್ಟೆಗೂ ಹೋಗಬಹುದು. ಎರಡನೆಯದೂ ಸರಿಯಾಗಿ ಸುಟ್ಟಿರದಿದ್ದರೆ ಪುಡಿಪುಡಿಯಾಗಿ ಉದುರುತ್ತದೆ. ಸಾಮಾನ್ಯವಾಗಿ ಚಿತ್ರ ಬರೆದಿರುವುದು ಕಿಟಕಿಯ ಒಳಮೈಗೆ, ಆದ್ದರಿಂದ ಮಳೆಗೆ ಸಿಗುವ ಹೊರಮೈಗಿಂತ ಒಳಮೈಯಲ್ಲೇ ಅಪಾಯ ಹೆಚ್ಚು. ಇದನ್ನು ನಾನು ಕಷ್ಟಪಟ್ಟು ಕಲಿತೆ. ಮುಂಬಾಗಿಲ ಮೇಲಿನ ಗಾಜಿನಲ್ಲಿ ಮನೆ ಕಟ್ಟಿಸಿದ ಅಜ್ಜನ ಹೆಸರಿನ ಮೊದಲಕ್ಷರಗಳಿದ್ದವು. ನಮ್ಮ ಹುಡುಗ ಎಂದಿನ ಅಮೋನಿಯಾ ದ್ರಾವಣ ಸಿಂಪಡಿಸಿ ಒರೆಸಿದ, ಬಟ್ಟೆಗೆ ಹೊಂಬಣ್ಣ ಹತ್ತಿತು. ಅಷ್ಟರಲ್ಲಿ ಒಂದು ಅಕ್ಷರ ಅರ್ಧವಾಗಿತ್ತು. ಆ ಮನೆಯ ಅಮ್ಮ ಬೈಯಲಿಲ್ಲ, ಏನೂ ಮಾತಾಡದೆ ಒಳಗೆ ಹೋದರು. ಅಂದಿನಿಂದ ಹತ್ತಿಯ ಪರೀಕ್ಷೆಯಾಗದೆ ನಮ್ಮ ತಂಡ ಬಣ್ಣದ ಗಾಜು ಮುಟ್ಟಿಲ್ಲ. ಪರೀಕ್ಷೆ ಮಾಡುವ ವಿಧಾನ ಆರನೇ ಹಂತದಲ್ಲಿದೆ.

ಬಣ್ಣದ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಯಲ್ಲಿ ಹೆಣೆದ ಕಿಟಕಿಯಾದರೆ ಪಕ್ಕದಿಂದ ನೋಡಿ. ಹೊಟ್ಟೆ ಉಬ್ಬಿದಂತೆ ಹೊರಗೋ ಒಳಗೋ ಬಾಗಿದ್ದರೆ ಸೀಸ ಸೋತಿದೆ ಎಂದರ್ಥ, ಬೆರಳಿನಿಂದ ಒತ್ತಲೂ ಬೇಡಿ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ನವಿಲಿನ ಚಾವಣಿ ಗಾಜನ್ನು ಎಲ್ಲರೂ ನೋಡಿರುತ್ತೀರಿ. ಗ್ಲಾಸ್ಗೋದಲ್ಲಿ ತಯಾರಾಗಿ ಬಂದದ್ದು ಅದು. ಆ ಜಾತಿಯ ಕೆಲಸ, ಚರ್ಚುಗಳ ಚಿತ್ರಗಾಜು, ಇವೆಲ್ಲ ಸಂರಕ್ಷಣಾ ತಜ್ಞರಿಗೆ ಸೇರಿದ್ದು. ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಸ್ಥಳೀಯ ಘಟಕವನ್ನು ಕೇಳಿದರೆ ಯಾರನ್ನು ಕಾಣಬೇಕೆಂದು ತಿಳಿಯುತ್ತದೆ.

ಕೊನೆಗೆ ಚೌಕಟ್ಟಿನ ಬಣ್ಣ. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವೆಲ್ಲ ಸೀಸದ್ದು ಎಂದೇ ತಿಳಿದು ನಡೆಯುವುದು ಕ್ಷೇಮ. ಚಕ್ಕೆ ಎದ್ದಿದ್ದರೆ ಒಣಗಿದ್ದಾಗ ಕೆರೆಯಬೇಡಿ, ಉಪ್ಪುಕಾಗದ ಹಾಕಬೇಡಿ. ಒದ್ದೆಬಟ್ಟೆಯಿಂದ ಒತ್ತಿ ತೆಗೆದು ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ. ಅಲ್ಲಿ ಮಕ್ಕಳಾಗಲಿ ಗರ್ಭಿಣಿಯರಾಗಲಿ ಸುಳಿಯಬಾರದು. ಹುಡುಗರು ಕೈ ತೊಳೆಯದೆ ಊಟಕ್ಕೆ ಕೂರಬಾರದು.

3. ಫೋಟೋ

ಪ್ರತಿ ಕಿಟಕಿಗೆ ಕನಿಷ್ಠ ಮೂರು: ನಂಬರು ಕಾಣುವಂತೆ ಪೂರ್ತಿ ಕಿಟಕಿ, ಒಳಮೈ, ದೋಷವಿರುವ ಜಾಗ ಹತ್ತಿರದಿಂದ. ಬಿರುಕಿನ ಪಕ್ಕ ಅಳತೆ ಪಟ್ಟಿ ಹಿಡಿದು ತೆಗೆಯಿರಿ. "ಬಿರುಕು 4 ಸೆಂಟಿಮೀಟರ್ ಇತ್ತು, ಈಗಲೂ 4 ಇದೆ" ಎಂದು ತೋರಿಸಬಲ್ಲವರ ಜೊತೆ ಯಾರೂ ವಾದಕ್ಕಿಳಿಯುವುದಿಲ್ಲ.

ಎಲ್ಲರೂ ಎಡವುವ ಜಾಗ ಇಲ್ಲೊಂದಿದೆ. ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸಿ, ಫೋನಿನಲ್ಲಿ ಜಾಗವಿಲ್ಲವೆಂದು ಮೂಲಪ್ರತಿ ಅಳಿಸಿಬಿಡುತ್ತಾರೆ. ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ, ತೆಗೆದ ಹೊತ್ತಿನ ವಿವರವನ್ನೂ ಕಳಚಿಹಾಕುತ್ತದೆ. ಮೂಲಪ್ರತಿ ಇರಲೇಬೇಕು. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ನ್ಯಾಯಾಲಯದಲ್ಲಿ ಪ್ರಮಾಣಪತ್ರ ಬೇಕಾಗುತ್ತದೆ (2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್). ತೆಗೆದ ಫೋನು, ತೆಗೆದ ವ್ಯಕ್ತಿ ಇಬ್ಬರೂ ಸಿಗುವಂತಿದ್ದರೆ ಆ ಕೆಲಸ ಸಲೀಸು.

ಗ್ರಾಹಕ ದೂರು ಕೊಡಲು ಎರಡು ವರ್ಷದ ಅವಧಿ ಇದೆ. ಹಾಗಾಗಿ ಫೋಟೋಗಳನ್ನು ಮೂರು ವರ್ಷವಾದರೂ ಇಟ್ಟುಕೊಳ್ಳಿ.

4. ಒಂದು ಪುಟದ ಬರಹ

"ಯಾವುದೇ ಹಾನಿಗೆ ನಾವು ಜವಾಬ್ದಾರರಲ್ಲ" ಎಂದು ಬಿಲ್ಲಿನ ಅಡಿಗೆ ಸಣ್ಣಕ್ಷರದಲ್ಲಿ ಅಚ್ಚುಹಾಕಿಸಿ ನೆಮ್ಮದಿಯಾಗಿರುವವರು ಬಹಳ. ಕೆಲಸ ಮುಗಿದ ಮೇಲೆ ಕೈಗೆ ಬರುವ ಬಿಲ್ಲು ಕೆಲಸಕ್ಕೆ ಮೊದಲು ಆದ ಒಪ್ಪಂದ ಆಗುವುದು ಹೇಗೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ "ಸೇವಾ ನ್ಯೂನತೆ" ಎಂಬ ಮಾತಿದೆ, ಅಂದರೆ ಹಣ ಪಡೆದು ಮಾಡಿದ ಕೆಲಸದಲ್ಲಿ ಇರಬೇಕಾದ ಎಚ್ಚರ, ಗುಣಮಟ್ಟ ಇಲ್ಲದಿರುವುದು. ನಿಮ್ಮ ಅಜಾಗರೂಕತೆ ಸಾಬೀತಾದರೆ ಸಣ್ಣಕ್ಷರ ಕಾಪಾಡುವುದಿಲ್ಲ.

ಹೊಣೆಗೆ ಮಿತಿ ಹಾಕಿಕೊಳ್ಳುವುದು ಬೇರೆ ಮಾತು. ಗ್ರಾಹಕರು ಓದಿ ಸಹಿಹಾಕಿದ ಚೀಟಿಯಲ್ಲಿ ಹೊಣೆಯ ಮಿತಿ ಬರೆದಿದ್ದರೆ ಅದಕ್ಕೆ ಬೆಲೆಯಿದೆ. 1996ರಲ್ಲಿ ಒಂದು ಕೊರಿಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಹಿ ಮಾಡಿದ ಅಂಥ ಮಿತಿಯನ್ನು ಎತ್ತಿಹಿಡಿದಿತ್ತು. ಆದ್ದರಿಂದ ಬರಹ ಮೊದಲೇ ಆಗಬೇಕು, ಗ್ರಾಹಕರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಸಹಿ ಇರಬೇಕು. ನಾನು ಬಳಸುವ ಮಾತುಗಳು ಹೀಗಿವೆ, ಬೇಕಿದ್ದರೆ ಹಾಗೇ ತೆಗೆದುಕೊಳ್ಳಿ:

"ಈ ಮನೆಯ ___ ಕಿಟಕಿಗಳನ್ನು ನಾವಿಬ್ಬರೂ ಕೂಡಿ ___ ದಿನಾಂಕದಂದು ನೋಡಿದ್ದೇವೆ. ಪಟ್ಟಿಯಲ್ಲಿ ಬರೆದ ಬಿರುಕು, ಸಡಿಲ ಪುಟ್ಟಿ, ಎದ್ದ ಬಣ್ಣ ಕೆಲಸಕ್ಕೆ ಮೊದಲೇ ಇದ್ದವು. ನಂಬರು ___ ಕಿಟಕಿಗಳನ್ನು ಮುಟ್ಟುವುದಿಲ್ಲ. ನಂಬರು ___ ಕಿಟಕಿಗಳನ್ನು ಎಚ್ಚರದಿಂದ ಒರೆಸಿದರೂ ಹಳೇ ಬಿರುಕು ಮುಂದುವರಿಯಬಹುದು ಎಂದು ತಿಳಿಸಲಾಗಿದೆ. ಹಾಗಾದರೆ ಅದರ ದುರಸ್ತಿ ಮಾಲೀಕರದು. ನಮ್ಮ ಕಡೆಯ ಅಜಾಗರೂಕತೆಯಿಂದ ಒಡೆದರೆ ಮಾರುಕಟ್ಟೆಯಲ್ಲಿ ಸಿಗುವ ಹತ್ತಿರದ ಗಾಜು ಹಾಕಿಸುವ ಖರ್ಚು, ಗರಿಷ್ಠ ___ ರೂಪಾಯಿ, ನಮ್ಮದು. ಬಳಸುವುದು ನೀರು ಮತ್ತು ___ ಮಾತ್ರ."

ಓದಿ ಹೇಳಿ. ವಯಸ್ಸಾದವರಿದ್ದರೆ ಮಕ್ಕಳಲ್ಲಿ ಒಬ್ಬರು ಪಕ್ಕದಲ್ಲಿರಲಿ. "ನಮ್ಮ ಮೇಲೆ ನಂಬಿಕೆ ಇಲ್ವೇನಪ್ಪಾ, ಇದೆಲ್ಲಾ ಯಾಕೆ?" ಎಂದು ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. "ಇದರಲ್ಲಿ ನಾವು ಕೊಡಬೇಕಾದ್ದೂ ಬರೆದಿದೆ ಅಮ್ಮಾ" ಎಂದು ಆ ಸಾಲು ತೋರಿಸಿ. ಬಹುತೇಕರು ಒಪ್ಪುತ್ತಾರೆ.

ಕದ ಕಳಚಿ ನಿಮ್ಮ ಜಾಗಕ್ಕೆ ಒಯ್ಯುವುದಾದರೆ ಹೊಣೆ ಏರುತ್ತದೆ. ಅದನ್ನು ಕಾನೂನು "ನಿಕ್ಷೇಪ" ಎನ್ನುತ್ತದೆ, ಅಂದರೆ ಒಂದು ಕೆಲಸಕ್ಕಾಗಿ ಇನ್ನೊಬ್ಬರ ವಶಕ್ಕೆ ಒಪ್ಪಿಸಿದ ವಸ್ತು. ಸಾಮಾನ್ಯ ವಿವೇಕದ ಮನುಷ್ಯ ತನ್ನ ಸ್ವಂತ ವಸ್ತುವನ್ನು ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ನೋಡಿಕೊಳ್ಳಬೇಕು (1872ರ ಕರಾರು ಕಾಯ್ದೆ, ಸೆಕ್ಷನ್ 151). ನಿಮ್ಮ ವಶದಲ್ಲಿದ್ದಾಗ ಒಡೆದರೆ ಎಚ್ಚರದಿಂದಿದ್ದೆವು ಎಂದು ನೀವೇ ತೋರಿಸಬೇಕಾಗುತ್ತದೆ. ಸಾಧ್ಯವಾದ ಮಟ್ಟಿಗೂ ಇದ್ದಲ್ಲೇ ಒರೆಸಿ.

5. ವಿಮೆ: ಕೊಳ್ಳುವ ಮೊದಲು ಕೇಳಬೇಕಾದ್ದು

ಇಲ್ಲಿ ಮೋಸಹೋಗುವವರು ಹೆಚ್ಚು. ನಮಗೆ ಬೇಕಾದದ್ದು "ಪಬ್ಲಿಕ್ ಲಯಬಿಲಿಟಿ" ಪಾಲಿಸಿ, ಅಂದರೆ ನಮ್ಮ ಕೆಲಸದಿಂದ ಮೂರನೆಯವರ ಆಸ್ತಿಗೆ, ಜೀವಕ್ಕೆ ಆದ ಹಾನಿಯನ್ನು ಭರಿಸುವ ವಿಮೆ. ಇದೇ ಹೆಸರಿನ 1991ರ ಕಾಯ್ದೆಯೊಂದಿದೆ. ಭೋಪಾಲ್ ಅನಿಲ ದುರಂತದ ನಂತರ, ಅಪಾಯಕಾರಿ ರಾಸಾಯನಿಕ ನಿರ್ವಹಿಸುವವರಿಗಾಗಿ ಬಂದದ್ದು. ಅದರಡಿಯ ಪಾಲಿಸಿ ಕಿಟಕಿ ಒರೆಸುವವರಿಗೆ ಉಪಯೋಗಕ್ಕಿಲ್ಲ. ಹೆಸರು ನೋಡಿ ಕೊಳ್ಳಬೇಡಿ.

ಸರಿಯಾದ ಪಾಲಿಸಿಯಲ್ಲೂ ಒಂದು ತೊಡಕಿದೆ. ನಿಮ್ಮ ವಶದಲ್ಲಿರುವ ಅಥವಾ ನೀವು ಕೆಲಸ ಮಾಡುತ್ತಿರುವ ವಸ್ತುವಿಗೇ ಆದ ಹಾನಿಯನ್ನು ಇಂಥ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ನಿಮ್ಮ ಏಣಿ ಜಾರಿ ಮನೆಯವರ ಟಿವಿ ಒಡೆದರೆ ಹಣ ಬರುತ್ತದೆ, ಒರೆಸುತ್ತಿದ್ದ ಕಿಟಕಿಯೇ ಒಡೆದರೆ ಬರುವುದಿಲ್ಲ. ಏಜೆಂಟರಿಗೆ ಈ ಪ್ರಶ್ನೆಗಳನ್ನು ಬರೆದು ಕಳಿಸಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ:

- ನಾನು ಒರೆಸುತ್ತಿರುವ ಗಾಜೇ ಒಡೆದರೆ ಪರಿಹಾರ ಇದೆಯೇ? ಇಲ್ಲದಿದ್ದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಬಹುದೇ?
- ಪ್ರತಿ ಘಟನೆಗೆ ನಾನೇ ಭರಿಸಬೇಕಾದ ಮೊದಲ ಮೊತ್ತ ಎಷ್ಟು?
- ದಿನಗೂಲಿಗೆ ಬಂದವರು ಮಾಡಿದ ತಪ್ಪಿಗೂ ಅನ್ವಯಿಸುತ್ತದೆಯೇ?
- ಎಷ್ಟು ಎತ್ತರದವರೆಗಿನ ಕೆಲಸಕ್ಕೆ?

ಕೆಲಸಗಾರರಿಗೆ ಪೆಟ್ಟಾದರೆ ಬೇರೆ ಪಾಲಿಸಿ ಬೇಕು. ಕೆಲಸದ ವೇಳೆ, ಕೆಲಸದ ಕಾರಣಕ್ಕೆ ಆದ ಗಾಯಕ್ಕೆ ಕೆಲಸಕ್ಕಿಟ್ಟುಕೊಂಡವರ ತಪ್ಪಿಲ್ಲದಿದ್ದರೂ ಅವರೇ ಪರಿಹಾರ ಕೊಡಬೇಕೆಂಬ ತತ್ವ 1923ರ ಕಾಯ್ದೆಯಿಂದಲೂ ನಡೆದುಬಂದಿದೆ. ಇಬ್ಬರೇ ಹುಡುಗರಿದ್ದರೂ ಇದನ್ನು ಮಾಡಿಸಿ. ಗಾಜಿನ ಬೆಲೆ ಹೇಗಾದರೂ ಹೊಂದಿಸಬಹುದು, ಬೆನ್ನುಮೂಳೆ ಮುರಿದುಕೊಂಡ ಹುಡುಗನ ಮನೆಯನ್ನು ಹಾಗೆ ಹೊಂದಿಸಲಾಗುವುದಿಲ್ಲ.

6. ಪರೀಕ್ಷೆ, ಆಮೇಲೆ ಕೆಲಸ

ಹತ್ತಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಹಿಂಡಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಬೆರಳುಗುರಿನಷ್ಟು ಜಾಗಕ್ಕೆ ಮೆಲ್ಲಗೆ ಒತ್ತಿ ಎತ್ತಿ. ಉಜ್ಜಬೇಡಿ. ಹತ್ತಿಗೆ ಬೂದುಬಣ್ಣ ಹತ್ತಿದರೆ ಧೂಳು. ಕೆಂಪು, ಹಸಿರು, ಹೊನ್ನು, ಕಂದು ಹತ್ತಿದರೆ ಅಲ್ಲಿಗೇ ನಿಲ್ಲಿಸಿ, ಆ ಕಿಟಕಿಯನ್ನು "ಮುಟ್ಟುವುದಿಲ್ಲ" ಪಟ್ಟಿಗೆ ಸೇರಿಸಿ, ಮನೆಯವರಿಗೆ ಆ ಹತ್ತಿಯನ್ನೇ ತೋರಿಸಿ.

ಪರೀಕ್ಷೆ ದಾಟಿದ ಗಾಜಿಗೂ ಸ್ಪ್ರೇ ಬೇಡ. ಸ್ಪ್ರೇ ಹೊಡೆದ ನೀರು ಇಳಿದು ಪುಟ್ಟಿಯ ಸಂದಿ ಸೇರುತ್ತದೆ, ಅಲ್ಲಿಂದ ಮರಕ್ಕೆ. ಬಟ್ಟೆಯನ್ನು ನೆನೆಸಿ ಹಿಂಡಿ ಒರೆಸಿ. ಒಂದು ಕೈ ಗಾಜಿನ ಹಿಂದೆ ಆಸರೆಯಾಗಿರಲಿ. ಬಿಸಿಲಿಗೆ ಕಾದ ಗಾಜಿಗೆ ತಣ್ಣೀರು ಮುಟ್ಟಿಸಿದರೆ ಹಳೇ ಬಿರುಕು ಕಣ್ಣೆದುರೇ ಓಡುತ್ತದೆ, ಹಾಗಾಗಿ ಪೂರ್ವದ ಕಿಟಕಿಗಳನ್ನು ಮಧ್ಯಾಹ್ನ, ಪಶ್ಚಿಮದವನ್ನು ಬೆಳಿಗ್ಗೆ ಮಾಡಿ. ಬೋರ್‌ವೆಲ್ ನೀರಿನ ಬಿಳಿಕಲೆಗೆ ಆಸಿಡ್ ಇರುವ ಬಾತ್‌ರೂಮ್ ದ್ರಾವಣ ತರುವವರಿದ್ದಾರೆ. ಸೀಸದ ಪಟ್ಟಿ, ಹಿತ್ತಾಳೆ ಚಿಲಕ, ಕೆಳಗಿನ ರೆಡ್ ಆಕ್ಸೈಡ್ ನೆಲ ಮೂರೂ ಅದರಿಂದ ಹಾಳಾಗುತ್ತವೆ. ಕಲೆ ಹೋಗದಿದ್ದರೆ ಹಾಗೇ ಇರಲಿ.

ಪೇಂಟು ಹೊಡೆದು ಮುಚ್ಚಿಹೋದ ಕದ, ಮಳೆಗಾಲದಲ್ಲಿ ಉಬ್ಬಿದ ಕದ, ಇವನ್ನು ಬಲವಂತವಾಗಿ ತೆರೆಯಬೇಡಿ. ನಾನು ನೋಡಿದ ಒಡೆದ ಗಾಜುಗಳಲ್ಲಿ ಒರೆಸುವಾಗ ಒಡೆದದ್ದಕ್ಕಿಂತ ಕದ ಎಳೆಯುವಾಗ ಒಡೆದದ್ದೇ ಹೆಚ್ಚು. ಕೈ ಎಟುಕದ ಹೊರಮೈಗೆ ಸಜ್ಜಾದ ಮೇಲೆ ನಿಲ್ಲುವುದಂತೂ ಬೇಡವೇ ಬೇಡ. ಹಳೇ ಸಜ್ಜಾ, ಹಳೇ ಬಂಗಲೆಗಳ ಕಿಟಕಿಯ ಮೇಲೆ ಚೂಪಾಗಿ ಚಾಚಿದ ಮಂಕಿ ಟಾಪ್‌ನ ಮರದ ಜಾಲರಿ ಮನುಷ್ಯನ ಭಾರ ಹೊರಲೆಂದು ಕಟ್ಟಿದ್ದಲ್ಲ. ಏಣಿಯ ಕಾಲಿಗೆ ರಬ್ಬರ್ ಇರಲಿ, ಕೆಳಗೊಬ್ಬರು ಹಿಡಿದಿರಲಿ.

7. ಒಡೆದೇ ಹೋದರೆ

ಕೆಲಸ ನಿಲ್ಲಿಸಿ. ಯಾರಿಗೂ ಗಾಯವಾಗಿಲ್ಲವೆಂದು ಖಚಿತಮಾಡಿಕೊಂಡು, ಚೂರು ಬಿದ್ದಂತೆಯೇ ಫೋಟೋ ತೆಗೆಯಿರಿ. ಆಮೇಲೆ ಚೂರುಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ ನಂಬರು ಬರೆದಿಡಿ, ಕಸಕ್ಕೆ ಎಸೆಯಬೇಡಿ. ಬಣ್ಣದ ಗಾಜಾದರೆ ತಜ್ಞರು ಕೆಲವೊಮ್ಮೆ ಅದನ್ನೇ ಜೋಡಿಸುತ್ತಾರೆ, ಹಳೇ ಬಿರುಕಿನ ಅಂಚಿನಲ್ಲಿ ಕೂತ ಕೊಳೆ ನಿಮ್ಮ ಪರವಾದ ಸಾಕ್ಷಿಯೂ ಹೌದು.

ಮನೆಯವರಿಗೆ ತಕ್ಷಣ ನೀವೇ ಹೇಳಿ, ಸಂಜೆಗೆ ಮುಂದೂಡಬೇಡಿ. ಏನಾಯಿತೋ ಅಷ್ಟನ್ನೇ ಹೇಳಿ: "ನಂಬರು 6ರ ಮೇಲಿನ ಎಡ ಚೌಕ ಒಡೆದಿದೆ, ಒರೆಸುವಾಗ ಆಯಿತು." ಗಾಬರಿಯಲ್ಲಿ "ಎಲ್ಲಾ ನಮ್ಮದೇ ತಪ್ಪು, ಎಷ್ಟಾದರೂ ಕೊಡ್ತೀವಿ" ಎಂದು ಬರೆದುಕೊಡಬೇಡಿ. ತನ್ನನ್ನು ಕೇಳದೆ ಹೊಣೆ ಒಪ್ಪಿಕೊಂಡರೆ ವಿಮಾ ಕಂಪನಿ ಹಣ ನಿರಾಕರಿಸಬಹುದು. ಅದೇ ದಿನ ಕಂಪನಿಗೆ ಇಮೇಲ್ ಹಾಕಿ.

ಆ ಮೊತ್ತವನ್ನು ಹುಡುಗನ ಸಂಬಳದಲ್ಲಿ ಹಿಡಿಯಬೇಡಿ. ಅವನ ವಶಕ್ಕೆ ಒಪ್ಪಿಸಿದ ವಸ್ತುವಾಗಿರಬೇಕು, ಅವನ ನಿರ್ಲಕ್ಷ್ಯವೇ ನೇರ ಕಾರಣವಾಗಿರಬೇಕು, ವಿವರಣೆ ಕೊಡಲು ಅವಕಾಶ ಸಿಕ್ಕಿರಬೇಕು, ಇಷ್ಟಿದ್ದರೆ ಮಾತ್ರ ಕಾನೂನು ಅಂಥ ಕಡಿತಕ್ಕೆ ಒಪ್ಪುತ್ತದೆ. ಕಾನೂನು ಹಾಗಿರಲಿ, ಸಂಬಳ ಹಿಡಿಯುತ್ತಾರೆಂದು ಗೊತ್ತಾದ ಹುಡುಗ ಮುಂದಿನ ಸಲ ಬಿರುಕನ್ನು ಮುಚ್ಚಿಡುತ್ತಾನೆ, ಅದು ನಿಮಗೆ ತಿಳಿಯುವುದು ಗ್ರಾಹಕರ ಬಾಯಿಂದ.

8. ಒಪ್ಪಿಸುವಾಗ

ಹೋಗುವ ಮೊದಲು ಮನೆಯವರೊಂದಿಗೆ ಮತ್ತೊಂದು ಸುತ್ತು ಹಾಕಿ. ಪಟ್ಟಿ ಕೈಯಲ್ಲಿರಲಿ, ನಂಬರಿನ ಪ್ರಕಾರ ಒಂದೊಂದೇ ಕಿಟಕಿ ತೋರಿಸಿ. ಮೊದಲು ತೆಗೆದ ಕೋನದಲ್ಲೇ ಫೋಟೋ ತೆಗೆಯಿರಿ. "ನೋಡಿ ಒಪ್ಪಿದ್ದೇನೆ" ಎಂಬ ಸಾಲಿನ ಕೆಳಗೆ ಸಹಿ, ದಿನಾಂಕ, ಹೊತ್ತು. ಕಾರ್ಬನ್ ಪ್ರತಿ ಅವರಿಗೆ. ಪುಟ್ಟಿ ಸಡಿಲವಿದ್ದ ಕಿಟಕಿಗಳ ನಂಬರುಗಳನ್ನು ಆ ಪ್ರತಿಯ ಹಿಂಬದಿಯಲ್ಲಿ ದೊಡ್ಡದಾಗಿ ಬರೆದುಕೊಡಿ, ಆಚಾರಿ ಬಂದಾಗ ಅವರಿಗೆ ಹುಡುಕುವ ಕೆಲಸ ತಪ್ಪುತ್ತದೆ. ಗೋಡೆಯ ಮೇಲಿನ ಟೇಪಿನ ಚೂರುಗಳನ್ನೆಲ್ಲ ಕಿತ್ತು ಜೇಬಿಗೆ ಹಾಕಿಕೊಂಡು ಹೊರಡಿ.